ಬೆಂಗಳೂರಿನ ಪೂರ್ವ ಅಂಚಿನಲ್ಲಿ ನೆರೆ ಅಪಾಯದ ನಕ್ಷೆ ರಚನೆ

ನೆರೆ ಅಪಾಯದ ನಕ್ಷೆ ಎಂದರೆ ಒಂದು ಪ್ರದೇಶದ ಯಾವ ಜಾಗಕ್ಕೆ ನೀರು ನುಗ್ಗಬಹುದು, ಎಷ್ಟು ಆಳಕ್ಕೆ ನಿಲ್ಲಬಹುದು, ಎಷ್ಟು ವರ್ಷಕ್ಕೊಮ್ಮೆ ಹಾಗಾಗಬಹುದು ಎಂಬುದನ್ನು ಗುರುತಿಸುವ ನಕ್ಷೆ. ದೊಡ್ಡ ನದಿಗಳ ಬಯಲಿನಲ್ಲಿ ಇಂತಹ ನಕ್ಷೆಗೆ ನದಿಯ ಪಾತ್ರವೇ ಮುಖ್ಯ ಆಧಾರ. ಕೃಷಿಭೂಮಿಯು ಬಡಾವಣೆಯಾಗಿ ಮಾರ್ಪಡುತ್ತಿರುವ ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಅಂಚಿನಲ್ಲಿ ಪರಿಸ್ಥಿತಿ ಬೇರೆ. ಬೆಳ್ಳಂದೂರು, ವರ್ತೂರು, ಪಾಣತ್ತೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಈ ಭಾಗದಲ್ಲಿ ವರ್ಷವಿಡೀ ಹರಿಯುವ ಸಹಜ ನದಿಯಿಲ್ಲ. ಇಲ್ಲಿನ ನೀರಿನ ದಾರಿಯನ್ನು ಶತಮಾನಗಳ ಕಾಲ ರೂಪಿಸಿದ್ದು ಕೆರೆ, ಕೋಡಿ, ಕಾಲುವೆ ಮತ್ತು ಗದ್ದೆಗಳು. ಆದುದರಿಂದ ಇಲ್ಲಿ ನೆರೆಯ ನಕ್ಷೆ ಬರೆಯುವವರು ಮೊದಲು ಹಳೆಯ ಬೇಸಾಯದ ನಕ್ಷೆಯನ್ನು ಓದಬೇಕಾಗುತ್ತದೆ.

ಭೂಸ್ವರೂಪ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ನಗರದ ದಿಬ್ಬಗಳಿಂದ ನೀರು ಮೂರು ಮುಖ್ಯ ಕಣಿವೆಗಳಾಗಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಸಾಗಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಈ ಲೇಖನದ ವಿಷಯವಾಗಿರುವ ಪ್ರದೇಶವು ಮುಖ್ಯವಾಗಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆಳಭಾಗದಲ್ಲಿದೆ.

ಶಾಲೆಯಲ್ಲಿ ಪ್ರವಾಹವೆಂದರೆ ಕೋಸಿ, ಬ್ರಹ್ಮಪುತ್ರ ಎಂದು ಕಲಿತವರಿಗೆ ದಿಬ್ಬದ ಮೇಲಿನ ಊರಿನಲ್ಲಿ ನೆರೆ ಬರುವುದು ವಿಚಿತ್ರವಾಗಿ ಕಾಣಬಹುದು. ಇಲ್ಲಿನ ನೆಲದ ಏರಿಳಿತ ಮೃದುವಾದುದು. ಮೇಲಿನ ದಿಣ್ಣೆಯಲ್ಲಿ ರಾಗಿ, ಅವರೆ, ಹುರುಳಿಯ ಹೊಲಗಳಿದ್ದವು. ತಗ್ಗಿನಲ್ಲಿ ಅಡ್ಡಲಾಗಿ ಏರಿ ಕಟ್ಟಿ ಕೆರೆ ಮಾಡಲಾಗಿತ್ತು. ಏರಿಯ ಕೆಳಗೆ ಭತ್ತದ ಗದ್ದೆಗಳು ಮತ್ತು ತೋಟಗಳು, ಅಂದರೆ ಕೆರೆಯ ಅಚ್ಚುಕಟ್ಟು, ಹರಡಿದ್ದವು. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಿಂದ ಹೊರಬಿದ್ದು ರಾಜಕಾಲುವೆಯ ಮೂಲಕ ಮುಂದಿನ ಕೆರೆಗೆ ಹೋಗುತ್ತಿತ್ತು. ಕೈಕೊಂಡ್ರಹಳ್ಳಿ ಕೆರೆಯಿಂದ ಸೌಳು ಕೆರೆಗೆ, ಅಗರದಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಯ ಕಡೆಗೆ ನೀರು ಸಾಗುವ ಸರಣಿ ಇಂದಿಗೂ ಇದೆ. ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ, ವರ್ತೂರು ಕೆರೆಯದು 400 ಎಕರೆಗೂ ಹೆಚ್ಚು.

ಈ ವ್ಯವಸ್ಥೆಯಲ್ಲಿ ಗದ್ದೆಗೂ ಒಂದು ಪಾತ್ರವಿತ್ತು. ಬದು ಕಟ್ಟಿದ ಗದ್ದೆ ಅಂಗೈ ಆಳದ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಹೆಕ್ಟೇರ್ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು ಹತ್ತು ಲಕ್ಷ ಲೀಟರ್ ಆಗುತ್ತದೆ. ಕೋಡಿ ಹರಿದ ವರ್ಷ ಅಚ್ಚುಕಟ್ಟಿನಲ್ಲಿ ಎರಡು ಮೂರು ದಿನ ನೀರು ನಿಂತರೆ ಅದನ್ನು ಯಾರೂ ಪ್ರವಾಹವೆಂದು ಕರೆಯುತ್ತಿರಲಿಲ್ಲ. ನೀರು ನಿಲ್ಲುವ ಜಾಗದಲ್ಲಿ ನೀರು ತಾಳುವ ಬೆಳೆ ಇತ್ತು, ಮನೆಗಳು ದಿಣ್ಣೆಯ ಮೇಲಿದ್ದವು.

ಬೇಸಾಯದಿಂದ ಬಡಾವಣೆಗೆ

1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿ ಮಾಹಿತಿ ತಂತ್ರಜ್ಞಾನ ಉದ್ಯಮ ನೆಲೆಯೂರಿತು. ಹೊರವರ್ತುಲ ರಸ್ತೆಯೂ ಬಂದಮೇಲೆ ಈ ಭಾಗದ ಹಳ್ಳಿಗಳ ಜಮೀನು ವೇಗವಾಗಿ ಕೈಬದಲಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳು ನಗರದ ವ್ಯಾಪ್ತಿಗೆ ಸೇರಿದವು. ಮಹದೇವಪುರ ನಗರಸಭೆ ಅವುಗಳಲ್ಲಿ ಒಂದು. 2025ರಲ್ಲಿ ಈ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು.

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಭೂಪರಿವರ್ತನೆ ಆಗಬೇಕು. ಪರಿವರ್ತನೆ ನಡೆಯುವುದು ಸರ್ವೆ ನಂಬರಿನ ಲೆಕ್ಕದಲ್ಲಿ, ಒಂದೊಂದು ಹಿಡುವಳಿಗೆ ಪ್ರತ್ಯೇಕವಾಗಿ. ನೀರು ಹರಿಯುವುದು ಇಡೀ ಕಣಿವೆಯ ಲೆಕ್ಕದಲ್ಲಿ. ಸಮಸ್ಯೆಯ ಮೂಲ ಬಹುಮಟ್ಟಿಗೆ ಈ ಎರಡರ ನಡುವಿನ ಅಂತರದಲ್ಲಿದೆ. ಒಬ್ಬ ರೈತನ ಎರಡು ಎಕರೆ ಗದ್ದೆಗೆ ಮಣ್ಣು ತುಂಬಿ ಎತ್ತರಿಸಿದರೆ ಆ ಎರಡು ಎಕರೆ ಸುರಕ್ಷಿತವಾಗುತ್ತದೆ, ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವನ ಜಮೀನಿಗೆ ಹೋಗುತ್ತದೆ. ಪಕ್ಕದವನೂ ಮಣ್ಣು ತುಂಬಿದರೆ ನೀರು ರಸ್ತೆಗೆ ಬರುತ್ತದೆ. ಪ್ರತಿಯೊಂದು ಕಡತವೂ ತನ್ನ ಮಟ್ಟಿಗೆ ಸರಿಯಾಗಿದ್ದು ಒಟ್ಟು ಪರಿಣಾಮ ಕೆಡುಕಾಗುವುದು ಹೀಗೆ. ಪರಿವರ್ತನೆಯಿಲ್ಲದೆಯೇ ನಿವೇಶನಗಳಾಗಿ ಮಾರಾಟವಾದ ರೆವಿನ್ಯೂ ಬಡಾವಣೆಗಳ ವಿಷಯದಲ್ಲಿ ಇಷ್ಟು ಪರಿಶೀಲನೆಯೂ ಇರುವುದಿಲ್ಲ.

ಬೇಸಾಯ ನಿಂತದ್ದರ ಇನ್ನೊಂದು ಫಲ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಚ್ಚುಕಟ್ಟು ಇದ್ದ ಕಾಲದಲ್ಲಿ ನೀರುಗಂಟಿಯು ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದನು. ಬೇಸಿಗೆಯ ಹೊತ್ತಿಗೆ ಕೆರೆಯಲ್ಲಿ ನೀರು ಇಳಿದು ಮುಂದಿನ ಮಳೆಗೆ ಜಾಗವಾಗುತ್ತಿತ್ತು. ಗದ್ದೆಗಳು ಹೋದಮೇಲೆ ತೂಬು ಎತ್ತುವವರಿಲ್ಲ. ಜತೆಗೆ ನಗರದ ಕೊಳಚೆ ನೀರು ವರ್ಷವಿಡೀ ಕೆರೆಗೆ ಬರುತ್ತದೆ. ಹೀಗಾಗಿ ಮಳೆಗಾಲ ಆರಂಭವಾಗುವಾಗಲೇ ಅನೇಕ ಕೆರೆಗಳು ತುಂಬಿರುತ್ತವೆ. ಕೆರೆಯು ಮಳೆ ನೀರನ್ನು ತಡೆದು ನಿಲ್ಲಿಸುತ್ತದೆ ಎಂದು ಭಾವಿಸಿ ಲೆಕ್ಕ ಹಾಕಿದ ನಕ್ಷೆ ಇಲ್ಲಿ ತಪ್ಪುತ್ತದೆ. ಕೆರೆ ತುಂಬಿದೆ ಎಂದುಕೊಂಡೇ ಲೆಕ್ಕ ಆರಂಭಿಸುವುದು ಕ್ಷೇಮ.

2022ರ ನೆರೆ

2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಬೆಂಗಳೂರು ನಗರ ವೀಕ್ಷಣಾಲಯದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಸೆಪ್ಟೆಂಬರ್ ತಿಂಗಳ ಸರಾಸರಿ ಮಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ದಿನದಲ್ಲಿ ಬಿದ್ದಂತಾಯಿತು. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 115.6ರಿಂದ 204.4 ಮಿಲಿಮೀಟರ್‌ವರೆಗಿನ ಮಳೆಗೆ ಅತಿ ಭಾರಿ ಮಳೆ ಎಂದು ಹೆಸರು. ಆಗಸ್ಟ್ ಕೊನೆಯ ಮಳೆಗೇ ಕೆರೆಗಳು ತುಂಬಿದ್ದವು. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರು ಮುಂತಾದ ಕಡೆ ನೀರು ನಿಂತು ಸಂಚಾರ ಸ್ತಬ್ಧವಾಯಿತು. ದುಬಾರಿ ಬಡಾವಣೆಗಳ ನಿವಾಸಿಗಳನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರತರಲಾಯಿತು. ಉಳುಮೆ ನಿಂತ ನೆಲಕ್ಕೆ ಟ್ರ್ಯಾಕ್ಟರು ಹೀಗೆ ಮರಳಿ ಬಂದಿತೆನ್ನಬೇಕು.

ನಗರದ ದಕ್ಷಿಣ ಭಾಗದ ಹುಳಿಮಾವಿನಲ್ಲಿ 2019ರ ನವೆಂಬರ್ 24ರಂದು ನಡೆದ ಘಟನೆ ಬೇರೆ ಬಗೆಯದು. ಅಲ್ಲಿ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮಳೆಯ ಪ್ರಮಾಣವನ್ನಷ್ಟೇ ಆಧರಿಸಿದ ನಕ್ಷೆಯಲ್ಲಿ ಇಂತಹ ಅಪಾಯ ಕಾಣಿಸುವುದಿಲ್ಲ. ಏರಿಯ ಕೆಳಗಿನ ಹಳೆಯ ಅಚ್ಚುಕಟ್ಟನ್ನು ಪ್ರತ್ಯೇಕ ವಲಯವಾಗಿ ಗುರುತಿಸುವುದು ಈ ಕಾರಣದಿಂದಲೂ ಅಗತ್ಯ.

ನಕ್ಷೆಯ ಆಧಾರಗಳು

ಗ್ರಾಮ ನಕ್ಷೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನು ಸಾಮಾನ್ಯವಾಗಿ 1:7920 ಪ್ರಮಾಣದಲ್ಲಿ, ಅಂದರೆ ಮೈಲಿಗೆ ಎಂಟು ಅಂಗುಲದಂತೆ, ಬರೆಯಲಾಗಿದೆ. ಸರ್ವೆ ನಂಬರುಗಳ ಎಲ್ಲೆ, ಕೆರೆಯಂಗಳ, ಹಳ್ಳ, ಬಂಡಿದಾರಿ, ಗ್ರಾಮಠಾಣ ಎಲ್ಲವೂ ಅದರಲ್ಲಿರುತ್ತವೆ. ಪಹಣಿಯಲ್ಲಿ ಕಾಣುವ ಖರಾಬು ಎಂಬ ಕಲಮು ಇಲ್ಲಿ ಬಹಳ ಮುಖ್ಯ. ‘ಅ’ ಖರಾಬು ಎಂದರೆ ಸಾಗುವಳಿಗೆ ಯೋಗ್ಯವಲ್ಲದ ನೆಲ. ‘ಬ’ ಖರಾಬು ಎಂದರೆ ರಸ್ತೆ, ಕಾಲುದಾರಿ, ಇತರರೂ ಬಳಸುವ ಕೆರೆ ಅಥವಾ ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶದ ನೆಲ. ಒಂದು ನಿವೇಶನದ ಮೂಲ ಸರ್ವೆ ನಂಬರಿನಲ್ಲಿ ‘ಬ’ ಖರಾಬು ಇದ್ದರೆ ಅಲ್ಲಿ ದಾರಿಯೋ ನೀರೋ ಇದ್ದಿರಬೇಕೆಂದು ಅನುಮಾನಿಸಬೇಕು.

ಈ ನಕ್ಷೆಗಳ ಮಿತಿಯನ್ನೂ ಅರಿಯಬೇಕು. ಕಾಗದದ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು ಎಂಟು ಮೀಟರ್. ಸರಪಣಿಯಿಂದ ಅಳೆದ ಈ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಅಕ್ಕಪಕ್ಕದ ಹಳ್ಳಿಗಳ ಗಡಿಗಳು ಒಂದಕ್ಕೊಂದು ಹೊಂದದೆ ಹೋಗುವುದುಂಟು. ಹಿಡುವಳಿಯ ಒಳಗಿನ ಸಣ್ಣ ಕಾಲುವೆಗಳು ಬಹುಪಾಲು ನಕ್ಷೆಗೆ ಬಂದೇ ಇರುವುದಿಲ್ಲ. ರೈತರು ತಮ್ಮತಮ್ಮಲ್ಲೇ ಒಪ್ಪಿಕೊಂಡು ನಡೆಸಿಕೊಂಡು ಬಂದ ಆ ಕಾಲುವೆಗಳನ್ನು ಮುಚ್ಚಿದರೆ ಯಾವ ದಾಖಲೆಯಲ್ಲಿಯೂ ಒತ್ತುವರಿ ಎಂದು ತೋರುವುದಿಲ್ಲ. ರಾಜಕಾಲುವೆಯ ಒತ್ತುವರಿ ಸುದ್ದಿಯಾಗುತ್ತದೆ, ಗದ್ದೆ ಕಾಲುವೆ ಮಾಯವಾದದ್ದು ಸುದ್ದಿಯಾಗುವುದಿಲ್ಲ.

ಎತ್ತರದ ಮಾಹಿತಿ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ಜಲಾನಯನ ಪ್ರದೇಶದ ಗಡಿಯನ್ನು ಗುರುತಿಸಲು ಇದು ಸಾಕು. ಮನೆಯ ಹೊಸ್ತಿಲಿಗೆ ನೀರು ಬರುವುದೇ ಎಂದು ಹೇಳಲು ಅರ್ಧ ಮೀಟರಿನ ವ್ಯತ್ಯಾಸ ತಿಳಿಯಬೇಕು. 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಸಂಗ್ರಹಿಸಿದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಉಚಿತವಾಗಿ ದೊರೆಯುತ್ತದೆ. ಅದರ ಒಂದು ಚೌಕ ಸುಮಾರು 30 ಮೀಟರ್ ಅಗಲ. ಆ ರಾಡಾರ್ ಮರದ ತುದಿ ಮತ್ತು ಮನೆಯ ತಾರಸಿಗಳನ್ನೂ ನೆಲವೆಂದು ಎಣಿಸಿಬಿಡುತ್ತದೆ, ದೋಷ ಹಲವು ಮೀಟರುಗಳಷ್ಟಿರಬಹುದು. ಅಲ್ಲದೆ ಅದು ಆ ವರ್ಷದ ನೆಲದ ಚಿತ್ರ. ಅನಂತರ ಮಣ್ಣು ತುಂಬಿ ಎತ್ತರಿಸಿದ ಬಡಾವಣೆ ಅದರಲ್ಲಿ ಗದ್ದೆಯಾಗಿಯೇ ಇರುತ್ತದೆ. ಇಸ್ರೋದ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದಲೂ ಎತ್ತರದ ಮಾಹಿತಿ ಸಿದ್ಧವಾಗಿದೆ. ವಿಮಾನ ಅಥವಾ ಡ್ರೋನ್ ಮೂಲಕ ಲೇಸರ್ ಕಿರಣ ಬಿಟ್ಟು ಅಳೆಯುವ ಲೈಡಾರ್ ವಿಧಾನ ಇವೆಲ್ಲಕ್ಕಿಂತ ನಿಖರ, ಖರ್ಚು ಹೆಚ್ಚು. ಹಾಗಿದ್ದರೂ ರಸ್ತೆಯ ಕೆಳಗಿನ ಮೋರಿಯ ಅಗಲ, ಅದರಲ್ಲಿ ತುಂಬಿದ ಹೂಳು ಯಾವ ಆಕಾಶಯಂತ್ರಕ್ಕೂ ಕಾಣದು. ಅದನ್ನು ಟೇಪು ಹಿಡಿದು ಇಳಿದೇ ಅಳೆಯಬೇಕು.

ಉಪಗ್ರಹ ಚಿತ್ರ. ಮಳೆಗಾಲದಲ್ಲಿ ಮೋಡ ಕವಿದಿರುವುದರಿಂದ ಸಾಮಾನ್ಯ ಚಿತ್ರಗಳು ಉಪಯೋಗಕ್ಕೆ ಬರುವುದಿಲ್ಲ. ರಾಡಾರ್ ಉಪಗ್ರಹಗಳು ಮೋಡದ ಮೂಲಕವೂ ನೋಡಬಲ್ಲವು. 2014ರಿಂದ ಕಕ್ಷೆಯಲ್ಲಿರುವ ಯುರೋಪಿನ ಸೆಂಟಿನೆಲ್-1 ಸರಣಿಯ ಚಿತ್ರಗಳನ್ನು ಯಾರು ಬೇಕಾದರೂ ಪಡೆಯಬಹುದು. ಬಯಲಿನಲ್ಲಿ ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ. ಕಟ್ಟಡಗಳ ನಡುವೆ ಕಿರಣಗಳು ಗೋಡೆಗೆ ಬಡಿದು ಹಿಂತಿರುಗುವುದರಿಂದ ಬೀದಿಯ ನೀರು ಮರೆಯಾಗುತ್ತದೆ. ಉಳಿದಿರುವ ಗದ್ದೆಯ ನೆರೆ ಸ್ಪಷ್ಟವಾಗಿಯೂ ಬಡಾವಣೆಯ ನೆರೆ ಅಸ್ಪಷ್ಟವಾಗಿಯೂ ಕಾಣುವ ಈ ವೈಚಿತ್ರ್ಯವನ್ನು ಅರಿಯದೆ ನಕ್ಷೆ ಬರೆದರೆ ಹೊಲದವನ ಭೂಮಿಯೇ ಅಪಾಯಕಾರಿ, ಬಡಾವಣೆ ಸುರಕ್ಷಿತ ಎಂಬ ತಲೆಕೆಳಗಾದ ತೀರ್ಮಾನ ಬರುತ್ತದೆ.

ಊರವರ ನೆನಪು. ಯಾವ ವರ್ಷ ಕೋಡಿ ಬಿತ್ತು, ನೀರು ಯಾವ ಕಟ್ಟೆಯವರೆಗೆ ಬಂತು, ಯಾವ ಗದ್ದೆಯಲ್ಲಿ ಎಷ್ಟು ದಿನ ನಿಂತಿತು ಎಂಬುದು ಹಿರಿಯ ರೈತರಿಗೆ ನೆನಪಿರುತ್ತದೆ. ಅವರು ತೋರಿಸಿದ ಗುರುತಿನ ಎತ್ತರವನ್ನು ಅಳತೆ ಮಾಡಿ ಲೆಕ್ಕದ ನಕ್ಷೆಯೊಂದಿಗೆ ಹೋಲಿಸಿದರೆ ನಕ್ಷೆಯ ಸರಿತಪ್ಪು ತಿಳಿಯುತ್ತದೆ. ಸ್ಥಳನಾಮಗಳೂ ಸುಳಿವು ಕೊಡುತ್ತವೆ. ಕುಂಟೆ, ಕೆರೆ, ಹಳ್ಳ ಎಂದು ಕೊನೆಗೊಳ್ಳುವ ಹೆಸರುಗಳು ಸರಿಯೇ ಸರಿ. ಸಿಂಗಸಂದ್ರ, ಬೊಮ್ಮಸಂದ್ರಗಳಲ್ಲಿನ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ, ಇದು ದೊಡ್ಡ ಕೆರೆಗೆ ಸಲ್ಲುವ ಪದ. ಊರು ಬಿಟ್ಟು ಹೋದ ಕುಟುಂಬಗಳೊಂದಿಗೆ ಈ ತಿಳಿವಳಿಕೆಯೂ ಹೋಗುತ್ತಿರುವುದರಿಂದ ಉಳಿದ ಆಧಾರಗಳಿಗಿಂತ ಇದನ್ನು ಸಂಗ್ರಹಿಸುವ ತುರ್ತು ಹೆಚ್ಚು.

ಮಳೆಯ ದಾಖಲೆ. ಬರ ನಿಗಾ ಘಟಕವಾಗಿ 1988ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ನಡೆಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ಸೇರಿ ರೂಪಿಸಿದ ‘ಬೆಂಗಳೂರು ಮೇಘ ಸಂದೇಶ’ ಎಂಬ ಆ್ಯಪ್ ಮಳೆ ಮತ್ತು ನೆರೆಯ ಮುನ್ಸೂಚನೆ ನೀಡುತ್ತದೆ. ಮುನ್ಸೂಚನೆಯು ಈ ಸಂಜೆಯದು, ಅಪಾಯದ ನಕ್ಷೆಯು ಮುಂದಿನ ಹಲವು ದಶಕಗಳದು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಲೆಕ್ಕಾಚಾರದ ಸ್ವರೂಪ

ಸಣ್ಣ ಜಲಾನಯನ ಪ್ರದೇಶದಿಂದ ಹರಿದು ಬರುವ ನೀರಿನ ಗರಿಷ್ಠ ಪ್ರಮಾಣವನ್ನು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ: ವಿಸ್ತೀರ್ಣ (ಹೆಕ್ಟೇರ್), ಗಂಟೆಗೆ ಬೀಳುವ ಮಳೆ (ಮಿಲಿಮೀಟರ್) ಮತ್ತು ಹರಿವಿನ ಗುಣಾಂಕ, ಈ ಮೂರನ್ನು ಗುಣಿಸಿ 360ರಿಂದ ಭಾಗಿಸಬೇಕು. ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಭಾಗವೇ ಗುಣಾಂಕ. 100 ಹೆಕ್ಟೇರ್ ಹೊಲದ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದು ಗುಣಾಂಕ 0.3 ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 4.2 ಘನ ಮೀಟರ್ ನೀರು ಬರುತ್ತದೆ. ಅದೇ ನೆಲ ಕಾಂಕ್ರೀಟು, ಡಾಂಬರಿನಿಂದ ಮುಚ್ಚಿ ಗುಣಾಂಕ 0.8 ಆದರೆ ನೀರು 11.1 ಘನ ಮೀಟರಿಗೆ ಏರುತ್ತದೆ. ಮಳೆ ಹೆಚ್ಚಾಗಿಲ್ಲ, ಕಾಲುವೆ ಅಗಲವಾಗಿಲ್ಲ, ನೀರು ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದೆ. ವಾಸ್ತವದಲ್ಲಿ ನುಣುಪು ನೆಲದ ಮೇಲೆ ನೀರು ಬೇಗ ಬಂದು ಸೇರುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚು. ದೊಡ್ಡ ಪ್ರದೇಶಗಳಿಗೆ ಹೆಕ್-ರಾಸ್, ಸ್ವಿಮ್ ಮುಂತಾದ ಉಚಿತ ತಂತ್ರಾಂಶಗಳನ್ನು ಬಳಸುತ್ತಾರೆ.

‘ನೂರು ವರ್ಷದ ನೆರೆ’ ಎಂಬ ಮಾತು ಬಹಳ ತಪ್ಪು ತಿಳಿವಳಿಕೆಗೆ ಕಾರಣವಾಗಿದೆ. ಅದು ನೂರು ವರ್ಷಕ್ಕೆ ಒಂದೇ ಬಾರಿ ಬರುತ್ತದೆಂದು ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ಶೇಕಡ 1. ಮನೆಸಾಲದ ಅವಧಿ 30 ವರ್ಷವೆಂದರೆ ಆ ಅವಧಿಯಲ್ಲಿ ಒಮ್ಮೆಯಾದರೂ ಅಂತಹ ನೆರೆ ಬರುವ ಸಾಧ್ಯತೆ ಸುಮಾರು ಶೇಕಡ 26. ನಾಲ್ಕರಲ್ಲಿ ಒಂದು ಎಂದಾಗ ಯಾರಿಗೂ ಅದು ದೂರದ ಮಾತಾಗಿ ಕಾಣಿಸದು.

ಗೆರೆ ಮತ್ತು ಕಾನೂನು

ನೆರೆ ಬಯಲಿನಲ್ಲಿ ಭೂಬಳಕೆಯನ್ನು ನಿಯಂತ್ರಿಸುವ ಮಾದರಿ ಮಸೂದೆಯೊಂದನ್ನು ಕೇಂದ್ರ ಸರ್ಕಾರ 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತು. ಮಣಿಪುರ, ರಾಜಸ್ಥಾನದಂತಹ ಕೆಲವೇ ರಾಜ್ಯಗಳು ಅದನ್ನು ಕಾಯಿದೆಯಾಗಿಸಿದವು. ಬೆಂಗಳೂರಿನಲ್ಲಿ ಆ ಕೆಲಸವನ್ನು ಭಾಗಶಃ ಮಾಡುತ್ತಿರುವುದು ಮಹಾಯೋಜನೆಯ ಬಫರ್ ವಲಯ. 2015ರ ಮಹಾಯೋಜನೆಯು ಕೆರೆಯ ಸುತ್ತ 30 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಅನುಕ್ರಮವಾಗಿ 50, 25, 15 ಮೀಟರ್ ನಿಗದಿಪಡಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್ 5ರಂದು ಆ ಆದೇಶವನ್ನು ರದ್ದುಪಡಿಸಿ ಮಹಾಯೋಜನೆಯ ಅಳತೆಯನ್ನು ಉಳಿಸಿತು.

ಬಫರ್ ವಲಯವೂ ನೆರೆ ವಲಯವೂ ಒಂದೇ ಅಲ್ಲ. ಬಫರ್ ಎಂದರೆ ಕಾಲುವೆಯ ಇಕ್ಕೆಲಗಳಲ್ಲಿ ಸಮ ಅಂತರದಲ್ಲಿ ಎಳೆದ ಗೆರೆ, ನೀರು ಸಮ ಅಂತರದಲ್ಲಿ ಹರಡುವುದಿಲ್ಲ. ಒಂದು ಬದಿ ದಿಣ್ಣೆಯಾಗಿದ್ದರೆ ಅಲ್ಲಿ ಐದು ಮೀಟರಿಗೂ ಬಾರದ ನೀರು ಇನ್ನೊಂದು ಬದಿಯ ಹಳೆಯ ಗದ್ದೆಬಯಲಿನಲ್ಲಿ ಇನ್ನೂರು ಮೀಟರ್ ಹೋಗಬಹುದು. ಬಫರಿನ ಹೊರಗಿದೆ ಎಂಬ ಕಾರಣಕ್ಕೆ ನಿವೇಶನವನ್ನು ಸುರಕ್ಷಿತವೆಂದು ಹೇಳಲಾಗದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2010ರ ನಗರ ಪ್ರವಾಹ ಮಾರ್ಗಸೂಚಿಯು ಜಲಾನಯನ ಪ್ರದೇಶವನ್ನೇ ಯೋಜನೆಯ ಘಟಕವನ್ನಾಗಿ ಇಟ್ಟುಕೊಳ್ಳಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಬೆಂಗಳೂರಿನ ಮಳೆನೀರು ನಿರ್ವಹಣೆಯನ್ನು ಕುರಿತ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ 2021ರ ವರದಿಯೂ ಕಾಲುವೆ, ಕೆರೆಗಳ ಕೊಂಡಿ ಕಳಚಿರುವುದನ್ನು ದಾಖಲಿಸಿದೆ.

ರೈತರು ಮತ್ತು ಖರೀದಿದಾರರು

ನಕ್ಷೆಯ ಮೇಲೆ ಒಂದು ಗೆರೆ ಎಳೆದೊಡನೆ ಅದರ ಎರಡು ಬದಿಯ ಜಮೀನಿನ ಬೆಲೆ ಬೇರೆಯಾಗುತ್ತದೆ. ಇದರಿಂದ ಮೊದಲು ಪೆಟ್ಟು ತಿನ್ನುವವನು ಇನ್ನೂ ಜಮೀನು ಮಾರದೆ ಉಳಿಸಿಕೊಂಡಿರುವ ಸಣ್ಣ ರೈತ. ಮೇಲಿನ ದಿಣ್ಣೆಗಳು ಬಡಾವಣೆಯಾದ ಕಾರಣದಿಂದಲೇ ಅವನ ಗದ್ದೆಗೆ ಹೆಚ್ಚು ನೀರು ಬರುತ್ತದೆ. ಹೊಸ ನಕ್ಷೆ ಬಂದಾಗ ಅವನ ಗದ್ದೆಯೇ ಅಪಾಯ ವಲಯವಾಗಿ ಮಾರುವ ಅವಕಾಶವೂ ಕೈತಪ್ಪುತ್ತದೆ. ಮಾರಿ ಹೋದವರು ಲಾಭ ಪಡೆದರು, ಉತ್ತು ಉಳಿದವನು ನಷ್ಟ ಹೊತ್ತನು ಎಂಬ ದೂರು ನ್ಯಾಯವಾದುದೇ. ಹಾಗೆಂದು ಗೆರೆಯನ್ನೇ ಎಳೆಯದಿದ್ದರೆ ಆ ಗದ್ದೆ ನಿವೇಶನವಾಗಿ, ಉಳಿತಾಯವನ್ನೆಲ್ಲ ಸುರಿದು ಕೊಂಡ ಇನ್ನೊಬ್ಬನ ಮನೆಗೆ ನೀರು ನುಗ್ಗುತ್ತದೆ. ಬೇರೆಡೆ ಕಟ್ಟಿಕೊಳ್ಳಲು ಅಥವಾ ಮಾರಲು ಬರುವ ಅಭಿವೃದ್ಧಿ ಹಕ್ಕುಗಳ ವರ್ಗಾವಣೆ ಪತ್ರವನ್ನು ಕರ್ನಾಟಕದ ಕಾನೂನಿನಲ್ಲಿ ರಸ್ತೆ ಮುಂತಾದ ಉದ್ದೇಶಗಳಿಗೆ ಭೂಮಿ ಬಿಟ್ಟುಕೊಟ್ಟವರಿಗೆ ನೀಡಲು ಅವಕಾಶವಿದೆ. ನೀರು ನಿಲ್ಲುವ ಗದ್ದೆಯನ್ನು ಗದ್ದೆಯಾಗಿಯೇ ಉಳಿಸುವವನಿಗೆ ಇಂತಹ ಪ್ರತಿಫಲ ದೊರೆಯದಿದ್ದರೆ ನಕ್ಷೆ ಎಷ್ಟು ನಿಖರವಾಗಿದ್ದರೂ ಅದರ ವಿರುದ್ಧ ಒತ್ತಡ ಬರುತ್ತಲೇ ಇರುತ್ತದೆ.

ನಕ್ಷೆಯನ್ನು ಓದುವ ಕ್ರಮ

ಈ ಭಾಗದಲ್ಲಿ ನಿವೇಶನ ಅಥವಾ ಮನೆ ನೋಡುವವರು ಮೂಲ ಸರ್ವೆ ನಂಬರನ್ನು ತಿಳಿದು, ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಅದರ ಸುತ್ತ ಕೆರೆ, ಕಾಲುವೆ, ಖರಾಬು ಇವೆಯೇ ಎಂದು ನೋಡಬಹುದು. ಬಳಿಕ ಮೇಲಿನ ಕೆರೆಯ ಕೋಡಿ ಯಾವ ದಿಕ್ಕಿಗಿದೆ ಎಂದು ನಡೆದು ಹೋಗಿ ನೋಡಬೇಕು. ಕೋಡಿಯ ನೀರಿಗೆ ಮುಂದಿನ ಕೆರೆಯವರೆಗೆ ತೆರೆದ ದಾರಿ ಕಾಣದಿದ್ದರೆ ಆ ನೀರು ಮಳೆಗಾಲದಲ್ಲಿ ಎಲ್ಲಿ ಹೋಗುತ್ತದೆಂದು ಅಕ್ಕಪಕ್ಕದವರನ್ನು ಕೇಳಬೇಕು. ಆಳವೊಂದನ್ನೇ ನೋಡಿದರೆ ಸಾಲದು. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ಮನುಷ್ಯನ ಕಾಲು ಕೀಳಬಲ್ಲದು, 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ತಳ್ಳಬಲ್ಲದು. ಇಷ್ಟೇ ನೀರು ನೆಲಮಾಳಿಗೆಯ ವಾಹನ ನಿಲುಗಡೆಗೆ ಇಳಿದರೆ ಪ್ರಾಣಾಪಾಯ.

ನಕ್ಷೆಯ ತಯಾರಿಕೆಯ ವರ್ಷವನ್ನೂ ನೋಡುವುದು ಅಗತ್ಯ. ಮೇಲ್ಭಾಗದಲ್ಲಿ ಹೊಲಗಳಿದ್ದಾಗ ಬರೆದ ನಕ್ಷೆ ಆ ಹೊಲಗಳು ಬಡಾವಣೆಯಾದ ಮೇಲೆ ಅಪಾಯವನ್ನು ಕಡಿಮೆ ತೋರಿಸುತ್ತದೆ. ಸರ್ಜಾಪುರದ ಕಡೆ ಇನ್ನೂ ರಾಗಿ ಬೆಳೆಯುವ ಹೊಲಗಳಿವೆ. ಅವು ಮುಂದೆ ಏನಾಗಲಿವೆ ಎಂಬುದನ್ನು ಮಹಾಯೋಜನೆಯ ಭೂಬಳಕೆ ನಕ್ಷೆಯಲ್ಲಿ ನೋಡಿ, ಆ ಸ್ಥಿತಿಗೂ ಒಂದು ಲೆಕ್ಕ ಹಾಕಿ, ಇಂದಿನ ಗೆರೆಯ ಪಕ್ಕದಲ್ಲಿ ನಾಳಿನ ಗೆರೆಯನ್ನೂ ತೋರಿಸುವುದು ಬೆಳೆಯುತ್ತಿರುವ ಪ್ರದೇಶಗಳಿಗೆ ಸೂಕ್ತವಾದ ಪದ್ಧತಿ.